ಘಾಟು ಬಾರದ ಮನೆ

ಸುಗ್ಗಿಯ ದಿನಗಳಲ್ಲಿ ಬ್ಯಾಡಗಿಯ ಗಾಳಿ ಕಣ್ಣಿಗೆ ಕಾಣುತ್ತದೆ. ಮಧ್ಯಾಹ್ನ ಇಳಿಯುವ ಹೊತ್ತಿಗೆ ಮೆಣಸಿನಕಾಯಿ ಗೋದಾಮಿನ ತಗಡಿನ ತೂತುಗಳಿಂದ ಬಿಸಿಲು ಕೋಲುಕೋಲಾಗಿ ಒಳಗಿಳಿಯುತ್ತದೆ. ಆ ಕೋಲುಗಳ ಒಳಗೆ ಕೆಂಪು ಧೂಳು ಏರುತ್ತ, ತಿರುಗುತ್ತ, ಎಲ್ಲಿಗೂ ಹೋಗುವ ಅವಸರವಿಲ್ಲದೆ ತೇಲುತ್ತಿರುತ್ತದೆ. ಅದರ ಕೆಳಗೆ ಹೆಂಗಸರು ಸಾಲಾಗಿ ಕೂತು ಕಾಯಿಯ ತೊಟ್ಟು ಬಿಡಿಸುತ್ತಿರುತ್ತಾರೆ. ಸೆರಗು, ಹುಬ್ಬು, ಕೈಬಳೆ, ಎಲ್ಲದರ ಮೇಲೂ ಅದೇ ಕೆಂಪು. ನಾನು ಬಾಗಿಲಲ್ಲಿ ನಿಂತು ಎಷ್ಟೋ ಸಲ ಬಂದ ಕೆಲಸವನ್ನೇ ಮರೆತಿದ್ದೇನೆ.

ಬಂದ ಕೆಲಸವೆಂದರೆ ಆ ಧೂಳನ್ನು ಅಳೆಯುವುದು. ಗಾಳಿಯಲ್ಲಿ ತೇಲುವ ಕಣಗಳು ಉಸಿರಿನ ಜೊತೆ ಎಷ್ಟು ಆಳಕ್ಕೆ ಇಳಿಯುತ್ತವೆ, ಇಳಿದು ಏನು ಮಾಡುತ್ತವೆ ಎಂಬುದೇ ನನ್ನ ಸಂಶೋಧನೆ. ಹಾವೇರಿಯಲ್ಲಿ ಹೆದ್ದಾರಿಯ ಪಕ್ಕ, ರಾಣೆಬೆನ್ನೂರಿನಲ್ಲಿ ಹತ್ತಿ ಗಿರಣಿಯ ಹಿಂದಿನ ಓಣಿಯಲ್ಲಿ, ಬ್ಯಾಡಗಿಯಲ್ಲಿ ಈ ಗೋದಾಮಿನೊಳಗೆ ಗಾಳಿ ಎಳೆಯುವ ಯಂತ್ರ ಇಟ್ಟಿದ್ದೆ. ಒಳಗೆ ಅಂಗೈಗಿಂತ ಚಿಕ್ಕದಾದ ಬಿಳಿ ಕಾಗದ. ದಿನ ಮುಗಿದ ಮೇಲೆ ತೆಗೆದು ನೋಡಿದರೆ ಹಾವೇರಿಯದು ಕಾಡಿಗೆ ಒರೆಸಿದಂತೆ ಕಪ್ಪು, ರಾಣೆಬೆನ್ನೂರಿನದು ಹಳೆಯ ನೂಲಿನಂತೆ ಬೂದು, ಬ್ಯಾಡಗಿಯದು ಹಣೆಯಿಂದ ಒರೆಸಿದ ಕುಂಕುಮದಂತೆ. ಆ ಕಾಗದಗಳಿಟ್ಟ ಡಬ್ಬಿಗಳನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನ ಕಿಟಕಿಗೆ ತಲೆಯಾನಿಸಿದಾಗ, ಮೂರೂರಿನ ಒಂದೊಂದು ದಿನ ನನ್ನ ಮಡಿಲಲ್ಲಿ ನಿದ್ದೆ ಹೋಗಿದೆ ಅನಿಸುತ್ತಿತ್ತು.

ಉಳಿದುಕೊಂಡದ್ದು ಬ್ಯಾಡಗಿಯ ದೊಡ್ಡವ್ವನ ಮನೆಯಲ್ಲಿ. ನನ್ನ ಅವ್ವನ ಅಕ್ಕ ಅವಳು. ಮೂವತ್ತು ವರ್ಷದಿಂದ ಅದೇ ಗೋದಾಮಿನಲ್ಲಿ ತೊಟ್ಟು ಬಿಡಿಸುತ್ತಾಳೆ. ನನಗೆ ಮಾತು ಕಲಿಸಿದವಳೂ ಅವಳೇ. ಚಿಕ್ಕವಳಿದ್ದಾಗ ರಜೆಗೆ ಬಂದರೆ ಕೇರುವ ಮೊರದ ಮುಂದೆ ಕೂರಿಸಿಕೊಂಡು, ಇದು ನುಚ್ಚು, ಇದು ತೌಡು, ಇದು ಹೊಟ್ಟು, ಇದು ಹುಡಿ ಎಂದು ಒಂದೊಂದನ್ನೂ ಬೆರಳಿಗೆ ಹಚ್ಚಿ ತೋರಿಸುತ್ತಿದ್ದಳು.

“ಹುಡಿಗಿಂತ ಸಣ್ಣದು ಏನ ದೊಡ್ಡವ್ವಾ?” ಎಂದು ಒಮ್ಮೆ ಕೇಳಿದ್ದೆ.

“ಅದಕ್ಕ ಹೆಸರಿಲ್ಲವ್ವಾ. ಅದನ್ನ ಗಾಳಿ ಒಯ್ತದ.”

ಆ ಹೆಸರಿಲ್ಲದ್ದರ ಹಿಂದೆಯೇ ನಾನು ಇಷ್ಟು ವರ್ಷ ಓದಿ, ಯಂತ್ರ ಹೊತ್ತುಕೊಂಡು ಮತ್ತೆ ಅವಳ ಕಟ್ಟೆಗೆ ಬಂದು ಕೂತಿದ್ದೆ. ಸಂಜೆ ಕೈಕಾಲು ತೊಳೆಯುತ್ತ ಅವಳು ಕೆಣಕುತ್ತಿದ್ದಳು.

“ಏನವ್ವಾ, ನಿನ್ನ ಡಬ್ಬಿ ಇವತ್ತ ಎಷ್ಟ ಗಾಳಿ ಕುಡೀತು?”

“ಹೊಟ್ಟಿ ತುಂಬ ಕುಡದೈತಿ.”

“ನಾ ಮೂವತ್ತ ವರ್ಷ ಕುಡದೇನಿ. ನನ್ನ ಅಳಿಯಾಕ ಯಾರೂ ಬರಲಿಲ್ಲ ನೋಡು!”

ಮೂಗಿಗೆ ಬಟ್ಟೆ ಕಟ್ಟಿಕೋ ಎಂದರೆ ನಗುತ್ತಿದ್ದಳು. “ನಮ್ಮ ಕಾಯಿಗೆ ಬಣ್ಣ ಐತಿ, ಖಾರ ಎಲ್ಲೈತಿ? ಗುಂಟೂರಿನ ಕಾಯಿ ಆಗಿದ್ರ ಅಂಜಬೇಕಿತ್ತು. ಇದು ಕೂಸಿನಂಥಾ ಕಾಯಿ.” ಅವಳೊಬ್ಬಳದಲ್ಲ, ಆ ಸಾಲಿನಲ್ಲಿ ಕೂತವರೆಲ್ಲರ ನಂಬಿಕೆ ಅದು. ಖಾರವಿಲ್ಲದ ಕಾಯಿಯ ಧೂಳಿಗೂ ಕೇಡಿಲ್ಲ. “ಮೊದಮೊದಲ ಸೀನಿ ಸೀನಿ ಸಾಕಾಗತಿತ್ತು. ಈಗ ಒಂದ ಸೀನು ಇಲ್ಲ. ಮೈ ರೂಢಿ ಆಗೈತಿ,” ಎಂದು ಹೆಮ್ಮೆಯಿಂದ ಹೇಳುತ್ತಿದ್ದಳು. ಅದನ್ನು ವಹಿಯಲ್ಲಿ ಬರೆದುಕೊಂಡೆ. ಬರೆದುಕೊಂಡು ಹಾಳೆ ತಿರುವಿದೆ.

ದೊಡ್ಡವ್ವನ ವಾರಕ್ಕೆ ಒಂದೇ ದಿನವಿತ್ತು, ಶನಿವಾರ. ರಾಣೆಬೆನ್ನೂರಿನ ಶಾಲೆಯೊಂದರಲ್ಲಿ ಕಲಿಸುವ ಅವಳ ಮಗಳು, ಎಂದರೆ ನನ್ನ ತಂಗಿ, ಅಂದು ಹತ್ತು ತಿಂಗಳ ಕೂಸನ್ನು ಎತ್ತಿಕೊಂಡು ಬರುತ್ತಿದ್ದಳು. ಶುಕ್ರವಾರವೇ ದೊಡ್ಡವ್ವನ ಕೈ ತೊಟ್ಟಿನ ಮೇಲೆ ನಿಲ್ಲುತ್ತಿರಲಿಲ್ಲ. ಆದರೆ ಆ ಸುಗ್ಗಿಯಲ್ಲಿ ಕೂಸು ಇಲ್ಲಿಂದ ಹೋದಾಗೊಮ್ಮೆ ಎರಡು ಮೂರು ದಿನ ಕೆಮ್ಮುತ್ತಿತ್ತು, ಎದೆ ಗುಂಯ್‌ಗುಡುತ್ತಿತ್ತು. ಧೂಳು ಹೊಗೆಯಿಂದ ದೂರ ಇಡಿ ಎಂದು ಅಲ್ಲಿಯ ಡಾಕ್ಟರು ಹೇಳಿದ್ದರು. ತಂಗಿ ನನಗೆ ಫೋನು ಮಾಡಿದಳು.

“ಅಕ್ಕಾ, ಆ ಮನ್ಯಾಗ ಏನೈತಿ ಅಂತ ನಿನ್ನ ಮಶೀನ್ ಇಟ್ಟ ನೋಡು. ಹಿಂಗ ಆದ್ರ ನಾ ಕೂಸಿನ್ನ ಇನ್ನ ಅಲ್ಲಿಗೆ ತರಂಗಿಲ್ಲ. ಅವ್ವಗ ಹೆಂಗ ಹೇಳಲಿ?”

ಮಶೀನು ಇಡುತ್ತೇನೆ ಎಂದೆ. ದೊಡ್ಡವ್ವನಿಗೆ ಮಾತ್ರ ಏನೂ ಹೇಳಲಿಲ್ಲ.

ಆ ಶನಿವಾರ ದೀಪ ಹಚ್ಚುವ ಹೊತ್ತು. ತಂಗಿ ಹಿತ್ತಲ ಬಚ್ಚಲಲ್ಲಿ ಮೀಯುತ್ತಿದ್ದಳು. ಗೋದಾಮಿನಿಂದ ಆಗಷ್ಟೇ ಬಂದ ನಾನು ಮಾಸ್ಕ್ ಕೂಡ ತೆಗೆದಿರಲಿಲ್ಲ. ಕೈಯಲ್ಲಿ ಗಾಳಿಯ ಕಣ ಎಣಿಸಿ ಅಂಕಿ ತೋರಿಸುವ ಚಿಕ್ಕ ಯಂತ್ರ. ಕೂಸು ರಗಳೆ ಮಾಡುತ್ತಿತ್ತು, ನಡುನಡುವೆ ಕೆಮ್ಮು.

“ನೆದರು ಬಿದ್ದೈತಿ ನನ್ನ ಬಂಗಾರಕ್ಕ,” ಎಂದಳು ದೊಡ್ಡವ್ವ. ದೃಷ್ಟಿಯಾಗಿದೆ ಎಂದು. ಓಣಿಯ ಕೂಸುಗಳಿಗೆಲ್ಲ ದೃಷ್ಟಿ ತೆಗೆಯುವವಳು ಅವಳೇ. ಉಪ್ಪು, ಸಾಸಿವೆ, ಒಣಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು ಕೂಸಿನ ಸುತ್ತ ಮೂರು ಸಲ ಇಳಿಸಿ, ನೀರೊಲೆಯಿಂದ ತಂದ ಕೆಂಡದ ಮೇಲೆ ಹಾಕಿದಳು. ಇದರ ಲೆಕ್ಕ ನಮ್ಮ ಕಡೆ ಎಲ್ಲರಿಗೂ ಗೊತ್ತು. ಕಾಯಿ ಸುಟ್ಟಾಗ ಘಾಟು ಬಂದರೆ ದೃಷ್ಟಿಯಾಗಿರಲಿಲ್ಲ. ಘಾಟೇ ಬಾರದಿದ್ದರೆ ಆಗಿತ್ತು, ಈಗ ಬೆಂಕಿಗೆ ಹೋಯಿತು.

ಹೊಗೆ ತೆಳುವಾಗಿ ಎದ್ದು ದೀಪದ ಬೆಳಕಿನಲ್ಲಿ ನೀಲಿಯಾಗಿ ಹರಡಿತು. ಅದರೊಳಗೆ ಅಜ್ಜಿ ಮೊಮ್ಮಗಳಿಬ್ಬರೂ ನೀರಿನ ತಳದಲ್ಲಿ ಕೂತವರಂತೆ ಕಂಡರು. ಯಂತ್ರದ ಅಂಕಿ ಏರತೊಡಗಿತು. ನೋಡನೋಡುತ್ತ ಗೋದಾಮಿನ ಅಂಕಿಯನ್ನು ದಾಟಿತು. ಮನೆಯೊಳಗೆ ಇಷ್ಟು ಇರಬಹುದೆಂದು ನಾನು ಎಣಿಸಿಯೇ ಇರಲಿಲ್ಲ.

ದೊಡ್ಡವ್ವ ಕೆಂಡಕ್ಕೆ ಮುಖ ಹತ್ತಿರ ತಂದು ಮೂಸಿದಳು. “ಒಂಚೂರ ಘಾಟಿಲ್ಲ ನೋಡು! ಎಂಥಾ ಕಣ್ಣು ಬಿದ್ದಾವೋ ಏನೋ,” ಎಂದು ಇನ್ನೊಂದು ಮುಷ್ಟಿ ಹಾಕಿದಳು.

ಕೂಸು ಕೆಮ್ಮಿತು. ಮತ್ತೆ ಕೆಮ್ಮಿತು. ಅಂಕಿ ಏರಿತು.

ಬಾಗಿಲಿಗೆ ಬಂದ ತಂಗಿ ಒದ್ದೆ ತಲೆಯಲ್ಲೇ ಸೆರಗು ಬಾಯಿಗೊತ್ತಿ ಕೆಮ್ಮಿದಳು. ಕಣ್ಣಲ್ಲಿ ದಳದಳ ನೀರು. “ಅವ್ವಾ! ಮನಿ ತುಂಬ ಘಾಟು, ಕೂಸಿನ್ನ ಕೊಡು ಇಲ್ಲಿ!”

“ಎಲ್ಲೈತಿ ಘಾಟು? ಹುಚ್ಚಿ ಏನ ನೀ?”

ತಂಗಿ ಕೂಸನ್ನು ಕಸಿದುಕೊಂಡು ಅಂಗಳಕ್ಕೆ ಓಡಿದಳು. ಅಲ್ಲಿಂದಲೇ ಹೇಳಿದಳು, “ಮುಂಜಾನಿ ಬಸ್ಸಿಗೆ ಹೊಂಟೆ. ಇನ್ನ ಕೂಸಿನ್ನ ಈ ಮನಿಗೆ ತರಂಗಿಲ್ಲ. ನೀನ ಬಾ ರಾಣೆಬೆನ್ನೂರಿಗೆ, ಬೇಕಂದ್ರ.”

ದೊಡ್ಡವ್ವ ಕೆಂಡದ ಮುಂದೆ ಕೂತೇ ಇದ್ದಳು. ನನ್ನ ಕಡೆ ತಿರುಗಿದಳು. “ನಿನ್ನ ಡಬ್ಬಿ ಏನಂತದ?”

ಯಂತ್ರದ ಅಂಕಿಗಳು ಫೋನಿನಲ್ಲಿ ಎಳೆದ ಗೆರೆಯನ್ನು ತೋರಿಸಿದೆ. ಸಮನಾಗಿ ಬಂದ ಗೆರೆ ಒಮ್ಮೆ ಎದ್ದು, ತುಸು ಇಳಿದು, ಅದಕ್ಕಿಂತ ಎತ್ತರಕ್ಕೆ ಎದ್ದಿತ್ತು.

“ದೇವರಗುಡ್ಡ ಇದ್ದಂಗೈತಿ,” ಎಂದಳು. “ಈ ಗುಡ್ಡ ಯಾವುದು?”

“ನೀ ಮೊದಲ ಮುಷ್ಟಿ ಹಾಕಿದ್ದು.”

“ಇದು?”

“ಎರಡನೇದು.”

ಅವಳ ಬೆರಳು ಎರಡು ಗುಡ್ಡಗಳ ನಡುವಿನ ತಗ್ಗಿನಲ್ಲಿ ನಿಂತಿತು. “ಇಷ್ಟೊತ್ತನಕ ನೀ ಏನ ಮಾಡಾಕತ್ತಿದ್ದಿ?”

ನಾನು ಅಂಕಿ ನೋಡುತ್ತಿದ್ದೆ. ಮೂಗಿಗೆ ಮಾಸ್ಕ್ ಇತ್ತು, ಕೈಯಲ್ಲಿ ಯಾರಲ್ಲೂ ಇರದ ಅಂಕಿಯಿತ್ತು, ಎರಡು ಹೆಜ್ಜೆಯಲ್ಲಿ ಕೂಸಿತ್ತು.

ಮುಂಜಾನೆ ತಂಗಿ ಕೂಸಿನೊಂದಿಗೆ ಹೋದಳು. ದೊಡ್ಡವ್ವ ಬಸ್ಸಿನವರೆಗೆ ಬರಲಿಲ್ಲ. ನಾನು ಕಳಿಸಿ ಬರುವಷ್ಟರಲ್ಲಿ ನೀರೊಲೆಯ ಮುಂದೆ ಕೂತು ಕೆಂಡದ ಮೇಲೆ ಒಂದೇ ಒಂದು ಕಾಯಿ ಇಟ್ಟಿದ್ದಳು. ಅದು ಕಪ್ಪಾಗಿ ಮುದುಡುತ್ತಿತ್ತು. ಹೊಸ್ತಿಲಲ್ಲೇ ನನಗೆ ಗಂಟಲು ಕಟ್ಟಿ ಕೆಮ್ಮು ಒತ್ತರಿಸಿ ಬಂತು. ಅವಳು ನನ್ನನ್ನೂ ಕಾಯಿಯನ್ನೂ ನೋಡಿದಳು. ಹೊಗೆಯನ್ನು ಅಂಗೈಯಿಂದ ಮುಖಕ್ಕೆ ಎಳೆದುಕೊಂಡು ಉದ್ದಕ್ಕೆ ಉಸಿರೆಳೆದಳು.

“ನೀ ಅಲ್ಲಿ ನಿಂತು ಕೆಮ್ಮಾಕತ್ತಿ. ನಾ ಇಲ್ಲಿ ಕುಂತು ಕೆಮ್ಮವಲ್ಲೆ,” ಎಂದಳು. “ಓಣಿ ಕೂಸುಗಳಿಗೆಲ್ಲ ನೆದರು ಐತಿ, ನೆದರು ಐತಿ ಅಂದೆ. ಎರಡೆರಡ ಮುಷ್ಟಿ ಹಾಕಿದೆ. ಸತ್ತದ್ದು ನನ್ನ ಮೂಗಲ್ಲೇನ?”

ಹೌದೆನ್ನಲು ನಾನು ಪುಸ್ತಕದ ಮಾತು ಹುಡುಕುತ್ತಿದ್ದೆ. ವರ್ಷಗಟ್ಟಲೆ ಅದೇ ಉರಿ ತಾಗಿ ತಾಗಿ ಮೂಗಿನ ನರ ಸುಮ್ಮನಾಗುತ್ತದೆ, ಸೀನು ನಿಂತಿತೆಂದರೆ ಮೈ ಗೆದ್ದಿತೆಂದಲ್ಲ, ಕಾವಲು ಮಲಗಿತೆಂದು. ಅಷ್ಟರಲ್ಲಿ ಅವಳೇ ಕೆಂಡಕ್ಕೆ ನೀರು ಸುರಿದಳು.

ಆ ವಾರ ಅವಳನ್ನು ಹಾವೇರಿಗೆ ಎದೆಯ ಡಾಕ್ಟರ ಹತ್ತಿರ ಕರೆದೊಯ್ದೆ. ಅವರು ಬಹಳ ಹೊತ್ತು ಬೆನ್ನಿಗೆ ಕೊಳವೆ ಇಟ್ಟು ಕೇಳಿದರು, ಬಾಯಿಗೆ ಇಟ್ಟುಕೊಂಡು ಎಳೆಯುವ ಔಷಧ ಬರೆದುಕೊಟ್ಟರು. ದೊಡ್ಡವ್ವ ಮಾಸ್ಕ್ ಹಾಕಿಕೊಂಡು ಗೋದಾಮಿನಲ್ಲಿ ಕೂತ ಮೊದಲ ದಿನ ಗೆಳತಿಯರು, “ಏನ ಯಕ್ಕಾ, ಡಾಕ್ಟರ್ ಆದಿ?” ಎಂದು ಕಾಡಿದರಂತೆ. “ಕೂಸು ಬರೂದೈತಿ,” ಎಂದಷ್ಟೇ ಹೇಳಿದಳಂತೆ.

ಮುಂದಿನ ಶನಿವಾರ ಯಾರೂ ಬರಲಿಲ್ಲ. ಅವಳು ಗೋಡೆ ಒರೆಸಿದಳು, ಕೌದಿಗಳನ್ನು ಬಿಸಿಲಿಗೆ ಹಾಕಿದಳು, ಗೋದಾಮಿನ ಸೀರೆಗೆ ಅಂಗಳದಲ್ಲೇ ಬೇರೆ ತಂತಿ ಕಟ್ಟಿಸಿದಳು. ಇದನ್ನೆಲ್ಲ ನಾನು ತಂಗಿಗೆ ಫೋನಿನಲ್ಲಿ ಹೇಳಿದೆ. ಅದರಾಚೆಯ ಶನಿವಾರ ಸಂಜೆ ತಂಗಿ ಕೂಸನ್ನು ಎತ್ತಿಕೊಂಡು ಅಂಗಳದಲ್ಲಿ ನಿಂತಳು. ದೊಡ್ಡವ್ವ ಮಿಂದು ಒದ್ದೆ ಕೂದಲು ಇಳಿಬಿಟ್ಟು ಕಟ್ಟೆಯ ಮೇಲೆ ಕೂತಿದ್ದಳು. ಕೈ ಚಾಚಲಿಲ್ಲ.

“ಒಳಗ ಮೊದಲ ನೀ ಒಬ್ಬಾಕೀನ ಹೋಗು. ಮೂಸಿ ನೋಡಿ ಬಾ.”

“ಅವ್ವಾ, ಹಂಗೇನಿಲ್ಲ ಬಿಡು...”

“ಹೋಗಂದ್ರ ಹೋಗು. ನನ್ನ ಮೂಗಿನ ಸಾಕ್ಷಿ ಇನ್ನ ನಡಿಯಂಗಿಲ್ಲ.”

ತಂಗಿ ಕೂಸನ್ನು ನನ್ನ ಕೈಗಿತ್ತು ಒಳಗೆ ಹೋದಳು. ಕೋಣೆ, ಅಡಿಗೆಮನೆ, ಬಚ್ಚಲು, ಎಲ್ಲ ಕಡೆ ಅವಳು ಉಸಿರೆಳೆಯುವುದು ಕೇಳಿಸುತ್ತಿತ್ತು. ದೊಡ್ಡವ್ವ ಆ ಸದ್ದಿಗೆ ಕಿವಿಗೊಟ್ಟು ಕೂತಿದ್ದಳು. ಯಂತ್ರ ನನ್ನ ಚೀಲದಲ್ಲೇ ಇತ್ತು, ನಾನು ತೆಗೆಯಲಿಲ್ಲ.

“ಸೀಗೀಕಾಯಿ ವಾಸನಿ ಐತಿ,” ಎಂದಳು ತಂಗಿ ಹೊರಗೆ ಬಂದು. “ಬ್ಯಾರೆ ಏನಿಲ್ಲ.”

“ಖರೇನ?”

“ಖರೇನವ್ವಾ.”

ಆಗ ದೊಡ್ಡವ್ವ ಕೈ ಚಾಚಿದಳು. ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡು, ಒಂದು ಚಿಟಿಕೆ ಉಪ್ಪನ್ನು ಮೂರು ಸಲ ಇಳಿಸಿ, ಪಕ್ಕದಲ್ಲಿಟ್ಟಿದ್ದ ನೀರಿನ ಬಟ್ಟಲಿಗೆ ಹಾಕಿದಳು. ಹರಳುಗಳು ತಿರುಗುತ್ತ ತಿರುಗುತ್ತ ಕೆಳಗಿಳಿದು ಕಾಣದಾದವು. ಕೂಸು ಬಟ್ಟಲಿಗೆ ಬಾಗಿ ನೀರನ್ನು ಪಟಪಟ ಬಡಿಯಿತು.