ಕೊರೆದ ಗೆರೆಯ ಟೈರು

ನಾಲ್ಕು ವರ್ಷಗಳ ಹಿಂದಿನ ಮಾತು. ಆಗ ನಾನು ಮೋಟಾರು ವಾಹನ ನಿರೀಕ್ಷಕನಾಗಿದ್ದೆ. ನಿವೃತ್ತಿಗೆ ಎರಡು ವರ್ಷ ಬಾಕಿ ಇತ್ತು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದೂ ಕಡೆ ಅಪಘಾತವಾದ ವಾಹನಗಳನ್ನು ಪರೀಕ್ಷಿಸಿ ಪೊಲೀಸರಿಗೆ ವರದಿ ಕೊಡುವುದು ನನ್ನ ಕೆಲಸಗಳಲ್ಲೊಂದು. ಬ್ರೇಕ್, ಸ್ಟಿಯರಿಂಗ್, ಟೈರ್ ಹೇಗಿದ್ದವು ಎಂದು ಒಂದೊಂದಾಗಿ ಬರೆದು, ಕೊನೆಗೆ ಒಂದು ವಾಕ್ಯ ಸೇರಿಸುತ್ತೇವೆ: ‘ಅಪಘಾತವು ಯಾಂತ್ರಿಕ ದೋಷದಿಂದ ಸಂಭವಿಸಿರುವುದಿಲ್ಲ.’ ಆ ವಾಕ್ಯ ಬಿದ್ದರೆ ತಪ್ಪು ಚಾಲಕನದು ಎಂದೇ ಅರ್ಥ. ಅದನ್ನು ಬರೆದು ಬರೆದು ನನ್ನ ಕೈ ಎಷ್ಟು ಪಳಗಿತ್ತೆಂದರೆ, ಗಾಡಿ ನೋಡುವ ಮೊದಲೇ ಅದು ನನ್ನ ತಲೆಯಲ್ಲಿ ಸಿದ್ಧವಾಗಿರುತ್ತಿತ್ತು.

ಹಡಗಲಿಯ ಹಾಲಪ್ಪ ನಲವತ್ತು ದಾಟಿದ ಟ್ಯಾಕ್ಸಿ ಚಾಲಕ. ತನ್ನದೇ ಒಂದು ಹಳೆಯ ಕಾರಿನಲ್ಲಿ ಬೆಳಗಿನ ಜಾವ ಮಲ್ಲಿಗೆ ಬುಟ್ಟಿಗಳನ್ನು ದಾವಣಗೆರೆಗೆ ಒಯ್ದು, ಮಧ್ಯಾಹ್ನ ಪ್ರಯಾಣಿಕರನ್ನು ಹತ್ತಿಸಿಕೊಂಡು ಮರಳುತ್ತಿದ್ದ. ಮೇ ತಿಂಗಳ ಒಂದು ಮಧ್ಯಾಹ್ನ, ಹರಪನಹಳ್ಳಿ ದಾಟಿ ಹಡಗಲಿ ಕಡೆಗೆ ಬರುವಾಗ ಕಾರು ಎಡಕ್ಕೆ ಎಳೆದುಕೊಂಡು ಹೋಗಿ ಮೋರಿಯ ಕಲ್ಲುಕಟ್ಟೆಗೆ ಬಡಿಯಿತು. ಮುಂದಿನ ಸೀಟಿನಲ್ಲಿದ್ದ ಕೊಟ್ರಮ್ಮ ಸ್ಥಳದಲ್ಲೇ ತೀರಿಕೊಂಡಳು. ಆಕೆ ಅಂಗನವಾಡಿ ಸಹಾಯಕಿ. ಮಗಳ ಬಾಣಂತನಕ್ಕೆ ಹೋದವಳು ಮೊಮ್ಮಗಳ ಮುಖ ನೋಡಿಕೊಂಡು ಊರಿಗೆ ಮರಳುತ್ತಿದ್ದಳು. ಹಾಲಪ್ಪನ ಬಲಗಾಲು ಎರಡು ಕಡೆ ಮುರಿಯಿತು. ಹಿಂದಿನ ಸೀಟಿನ ಮೂವರು ಸಣ್ಣಪುಟ್ಟ ಗಾಯಗಳೊಂದಿಗೆ ಪಾರಾದರು.

ಮರುದಿನ ಠಾಣೆಯ ಅಂಗಳದಲ್ಲಿ ನಾನು ಆ ಕಾರನ್ನು ನೋಡಿದೆ. ಅಂದು ಇನ್ನೂ ಎರಡು ವಾಹನ ನೋಡುವುದಿತ್ತು. ಬಿಸಿಲಿಗೆ ಕಾರಿನ ತಗಡು ಮುಟ್ಟಲಾಗುತ್ತಿರಲಿಲ್ಲ. ಮುಂದಿನ ಎಡ ಟೈರ್ ಹರಿದು ಚಿಂದಿಯಾಗಿತ್ತು. ಕಲ್ಲಿಗೆ ಬಡಿದು ಹರಿದಿದೆ ಎಂದುಕೊಂಡೆ. ಉಳಿದ ಮೂರರಲ್ಲೂ ಗೆರೆಗಳು ಆಳವಾಗಿ ಕಾಣುತ್ತಿದ್ದವು. ಜೊತೆಗಿದ್ದ ಹೆಡ್ ಕಾನ್‌ಸ್ಟೇಬಲ್, “ಜೋರ್ ಹೊಂಟಿದ್ದ ಸರ್, ಕಂಟ್ರೋಲ್ ತಪ್ಪೈತಿ” ಎಂದ. ನಾನು ಬ್ರೇಕ್ ಪೆಡಲ್ ಒತ್ತಿ ನೋಡಿ, ಸ್ಟಿಯರಿಂಗ್ ತಿರುಗಿಸಿ ನೋಡಿ, ಕಾಲು ಗಂಟೆಯಲ್ಲಿ ಆ ವಾಕ್ಯ ಬರೆದು ಸಹಿ ಮಾಡಿದೆ. ನಿರ್ಲಕ್ಷ್ಯದ ಚಾಲನೆಯಿಂದ ಸಾವಿಗೆ ಕಾರಣನಾದನೆಂದು ಹಾಲಪ್ಪನ ಮೇಲೆ ಮೊಕದ್ದಮೆ ಗಟ್ಟಿಯಾಯಿತು.

ಮೂರು ವಾರಗಳ ನಂತರ ಅವನ ಹೆಂಡತಿ ಗಂಗಮ್ಮ ನನ್ನ ಕಚೇರಿಗೆ ಬಂದಳು. ಹೂವಿನ ತೋಟಗಳಲ್ಲಿ ಮೊಗ್ಗು ಬಿಡಿಸುವ ಹೆಂಗಸು. ಕೂರಲು ಹೇಳಿದರೆ ಕೂರಲಿಲ್ಲ. ಚೀಲದಿಂದ ಮೊಳದುದ್ದದ ಒಂದು ರಬ್ಬರ್ ಪಟ್ಟಿ ತೆಗೆದು ನನ್ನ ಮೇಜಿನ ಮೇಲಿಟ್ಟಳು.

“ಇದು ಎಲ್ಲಿ ಸಿಕ್ತು ಕೇಳ್ರಿ ಸಾಹೇಬ್ರ.”

“ಎಲ್ಲಿ?”

“ಮೋರಿಗಿಂತ ಇನ್ನೂರು ಹೆಜ್ಜಿ ಹಿಂದ, ಹರಪನಹಳ್ಳಿ ಕಡೀಗೆ. ನಾನ ಎಣಿಸೀನಿ. ನಮ್ಮನೆಯವ್ರು ದವಾಖಾನ್ಯಾಗ ಮಲ್ಕೊಂಡು ಒಂದ ಮಾತು ಹೇಳಾಕತ್ಯಾರ, ಮೊದ್ಲು ಟೈರ್ ಸುಲೀತು, ಆಮ್ಯಾಲ ಗಾಡಿ ಎಳೀತು ಅಂತ. ಯಾರೂ ಕಿವಿಗಿ ಹಾಕ್ಕೊವಲ್ರು. ಅದಕ್ಕ ಬಸ್ ಹತ್ತಿ ಹೋಗಿ ಹುಡುಕೀನಿ.”

ಟೈರ್ ಕಲ್ಲಿಗೆ ಬಡಿದು ಹರಿದಿದ್ದರೆ ಅದರ ತುಂಡು ಕಲ್ಲಿನ ಬಳಿಯೇ ಬೀಳಬೇಕು, ಇನ್ನೂರು ಹೆಜ್ಜೆ ಹಿಂದಲ್ಲ. ಅದು ನನಗೆ ತಕ್ಷಣ ಅರ್ಥವಾಯಿತು. ಆದರೂ ನನಗೆ ಮೊದಲು ಬಂದದ್ದು ಸಿಟ್ಟು, ಅದೂ ಅವಳ ಮೇಲೆ. ವರದಿ ಕೊಟ್ಟಾಗಿದೆ, ಈಗ ಏನೂ ಮಾಡಲಾಗದು, ವಕೀಲರನ್ನು ನೋಡು ಎಂದೆ.

“ವರದ್ಯಾಗ ಟೈರ್ ಸುಸ್ಥಿತಿ ಅಂತ ಬರದೀರಂತ. ಕೈಲೆ ಮುಟ್ಟಿ ನೋಡಿದ್ರೇನ್ರಿ?”

ಅವಳು ಪಟ್ಟಿಯನ್ನು ಅಲ್ಲೇ ಬಿಟ್ಟು ಹೊರಟುಹೋದಳು.

ಅವಳು ಹೋದ ಮೇಲೆ ಅದನ್ನು ಕೈಗೆ ತೆಗೆದುಕೊಂಡೆ. ಕಾರ್ಖಾನೆಯ ಅಚ್ಚಿನಲ್ಲಿ ಮೂಡಿದ ಗೆರೆಯ ತಳ ದುಂಡಗೆ, ನಯವಾಗಿರುತ್ತದೆ. ಗೆರೆಯ ನಡುನಡುವೆ ಸಣ್ಣ ಉಬ್ಬುಗಳಿರುತ್ತವೆ. ಟೈರ್ ಸವೆದು ಆ ಉಬ್ಬಿನ ಮಟ್ಟಕ್ಕೆ ಬಂದರೆ ಬದಲಿಸಬೇಕೆಂಬ ಗುರುತು ಅದು. ಈ ಪಟ್ಟಿಯ ಗೆರೆಯಲ್ಲಿ ಉಬ್ಬೇ ಇರಲಿಲ್ಲ. ಅಂಚು ಚೂಪಾಗಿತ್ತು, ತಳದಲ್ಲಿ ರಬ್ಬರಿನೊಳಗೆ ಹೆಣೆದ ನೂಲಿನೆಳೆಗಳು ಇಣುಕುತ್ತಿದ್ದವು. ಯಾರೋ ಕಾದ ಬ್ಲೇಡಿನಿಂದ ಈ ಗೆರೆಗಳನ್ನು ಕೊರೆದಿದ್ದರು.

ಅಂದೇ ಠಾಣೆಗೆ ಹೋದೆ. ತನಿಖಾಧಿಕಾರಿಯ ಅನುಮತಿ ಪಡೆದು, ಪಂಕ್ಚರ್ ಅಂಗಡಿಯವನನ್ನು ಕರೆಸಿ ಮುಂದಿನ ಎರಡೂ ಚಕ್ರಗಳಿಂದ ಟೈರ್ ಬಿಚ್ಚಿಸಿದೆ. ಬಲಗಡೆಯದರಲ್ಲೂ ಅದೇ ಕೊರೆತ. ಟೈರಿನ ಬದಿಯಲ್ಲಿದ್ದ ಅಕ್ಷರಗಳನ್ನು ಉಜ್ಜಿ ಅಳಿಸಿದ್ದರು. ಅದರ ಮೇಲೆ ಸೀಮೆಸುಣ್ಣ ತಿಕ್ಕಿ ಬಟ್ಟೆಯಿಂದ ಒರೆಸಿದಾಗ ಉಳಿದ ಗೀರುಗಳಲ್ಲಿ ಬಿಳುಪು ನಿಂತು ಇಂಗ್ಲಿಷಿನ ಸಾಲೊಂದು ಮೇಲೆದ್ದಿತು: ಸ್ಪರ್ಧೆಗೆ ಮಾತ್ರ, ಸಾರ್ವಜನಿಕ ರಸ್ತೆಗೆ ಅಲ್ಲ. ಕಾಲು ಗಂಟೆಯಲ್ಲಿ ನಾನು ‘ಸುಸ್ಥಿತಿ’ ಎಂದು ಬರೆದ ಟೈರು ಇದು.

ಡಿಪ್ಲೊಮಾದಲ್ಲಿ ನನ್ನ ಸಹಪಾಠಿಯಾಗಿದ್ದ ರಾಘವೇಂದ್ರ ಟೈರ್ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್ ಆಗಿದ್ದವನು. ಅವನಿಗೆ ಫೋಟೊ ಕಳಿಸಿ ಫೋನ್ ಮಾಡಿದೆ. ಅವನು ಹೇಳಿದ್ದು ಇಷ್ಟು. ರೇಸ್ ಟ್ರ್ಯಾಕಿನ ಸ್ಲಿಕ್ ಟೈರಿಗೆ ಗೆರೆಗಳೇ ಇರುವುದಿಲ್ಲ. ಒಣ ನೆಲಕ್ಕೆ ಪೂರ್ತಿ ಅಂಟಲೆಂದು ನುಣ್ಣಗೆ ಮಾಡಿರುತ್ತಾರೆ. ಹಗುರವಾಗಿರಲೆಂದು ನೆಲಕ್ಕೆ ತಾಗುವ ರಬ್ಬರಿನ ಪದರವನ್ನು ತೆಳ್ಳಗಿಡುತ್ತಾರೆ. ಆ ಮೆದು ರಬ್ಬರ್ ಚೆನ್ನಾಗಿ ಕಾದರೆ ಮಾತ್ರ ಹಿಡಿತ ಕೊಡುತ್ತದೆ. ಆದರೆ ಕಾದು ತಣಿದ ಪ್ರತಿ ಸಲವೂ ಒಂದಿಷ್ಟು ಗಡುಸಾಗುತ್ತದೆ. ಇದಕ್ಕೆ ಹೀಟ್ ಸೈಕಲ್ ಎನ್ನುತ್ತಾರೆ. ಹಾಗೆ ಕೆಲವು ಸಲವಾದರೆ ಟೈರ್ ನೋಡಲು ಹೊಸದರಂತಿದ್ದರೂ ಅದರ ಜೀವ ಮುಗಿದಿರುತ್ತದೆ, ಎಸೆಯುತ್ತಾರೆ.

“ರೇಸಿನ ಟೈರಿನ ಆಯಸ್ಸು ಗಂಟೆಗಳ ಲೆಕ್ಕದ್ದು ಮಾರಾಯ” ಎಂದ ರಾಘವೇಂದ್ರ. “ಮೊದಲೇ ತೆಳ್ಳಗಿರೋದಕ್ಕೆ ಗೆರೆ ಕೊರೆದರೆ ಬ್ಲೇಡು ನೂಲಿಗೇ ತಾಗುತ್ತೆ. ಐದು ಜನರ ಭಾರ, ಮೇ ತಿಂಗಳ ಡಾಂಬರು. ಕೊರೆದ ಜಾಗದಲ್ಲೇ ಬಿರುಕು ಬಿಟ್ಟು ಮೇಲಿನ ಪದರ ಸುಲಿದುಬಿಡುತ್ತೆ.”

ಟೈರ್ ಕೊಂಡದ್ದು ಕೂಡ್ಲಿಗಿಯ ಹೆದ್ದಾರಿ ಪಕ್ಕದ ಹಳೆ ಟೈರ್ ಅಂಗಡಿಯೊಂದರಲ್ಲಿ ಎಂದು ಹಾಲಪ್ಪ ಹೇಳಿದ್ದ. ತನಿಖಾಧಿಕಾರಿಯ ಜೊತೆ ಅಲ್ಲಿಗೆ ಹೋದೆ. ಅಂಗಡಿಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಹದಿನೇಳು ಸ್ಲಿಕ್ ಟೈರುಗಳಿದ್ದವು. ಆರಕ್ಕೆ ಗೆರೆ ಕೊರೆದಾಗಿತ್ತು, ಉಳಿದವು ನುಣ್ಣಗೆ ಕಾಯುತ್ತಿದ್ದವು. ಮೂಲೆಯಲ್ಲಿ ವಿದ್ಯುತ್ತಿನಿಂದ ಕಾಯುವ ಬ್ಲೇಡಿದ್ದ ಕೊರೆಯುವ ಸಾಧನ, ಅಕ್ಷರ ಉಜ್ಜುವ ಗ್ರೈಂಡರ್. ಹೊರರಾಜ್ಯದ ಟ್ರ್ಯಾಕಿನಿಂದ ಗುಜರಿಗೆ ಬಿದ್ದ ಮಾಲು ಎಂದು ಅಂಗಡಿಯವನು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡ. ‘ಫಾರಿನ್ ಟೈರ್’ ಎಂದು ಮಾರುತ್ತಿದ್ದನಂತೆ. ಅವನಿಗೆ ಅದು ತಪ್ಪೆಂದೇ ಅನಿಸಿರಲಿಲ್ಲ.

“ಇನ್ನೂರು ಸ್ಪೀಡಿನ್ಯಾಗ ಓಡಿದ ಟೈರ್ ಸಾಹೇಬ್ರ. ಅರವತ್ತಕ್ಕ ಏನ್ ಆಕ್ಕೈತ್ರಿ?”

“ಹೆಣ ಬಿದ್ದೈತಿ” ಎಂದೆ.

“ಅದು ಡ್ರೈವರ್ ತಪ್ಪು ಅಂತ ಸರ್ಕಾರದ ವರದೀನ ಐತಲ್ರಿ. ಪೇಪರಿನ್ಯಾಗ ಬಂದಿತ್ತು.”

ಮೂವತ್ತು ವರ್ಷದ ನೌಕರಿಯಲ್ಲಿ ನಾನು ಯಾರ ಮೇಲೂ ಕೈ ಎತ್ತಿದವನಲ್ಲ. ಅಂದು ಎತ್ತುತ್ತಿದ್ದೆನೇನೋ. ಆದರೆ ಅವನ ಮಾತು ನನಗೆ ತೋರಿಸಿದ್ದು ನನ್ನದೇ ಸಹಿಯನ್ನು. ತನಿಖಾಧಿಕಾರಿ ಟೈರುಗಳನ್ನು ಎಣಿಸಿ ಜಪ್ತಿ ಮಾಡುವಾಗ ನಾನು ಹೊರಗೆ ಬಂದು ನಿಂತೆ.

ಎರಡನೇ ವರದಿ ಬರೆಯುತ್ತೇನೆಂದಾಗ ನನ್ನ ಮೇಲಧಿಕಾರಿ ಬಾಗಿಲು ಹಾಕಿ ಕೂರಿಸಿಕೊಂಡರು. “ನಿಮ್ಮ ವರದಿಯನ್ನು ನೀವೇ ಸುಳ್ಳು ಅಂತೀರಾ? ಪಿಂಚಣಿ ಹತ್ತಿರ ಬಂದಿದೆ. ವಿಚಾರಣೆ ಅಂತ ನಿಂತರೆ ಯಾರು ನೋಡ್ತಾರೆ? ಹೊಸದಾಗಿ ಸಿಕ್ಕ ಮಾಹಿತಿ ಅಂತ ಒಂದು ಸಾಲು ಸೇರಿಸಿ, ಸಾಕು.” ಅವರು ಒಳ್ಳೆಯ ಮನುಷ್ಯರು, ನನ್ನ ಒಳಿತಿಗೇ ಹೇಳಿದರು. ಅದಕ್ಕೇ ಇನ್ನಷ್ಟು ಸಿಟ್ಟು ಬಂತು. ಹೊಸದಾಗಿ ಸಿಕ್ಕದ್ದು ಏನೂ ಇರಲಿಲ್ಲ. ಟೈರು ಮೊದಲ ದಿನವೂ ಅದೇ ಅಂಗಳದಲ್ಲಿತ್ತು, ಅದೇ ಗೆರೆಗಳೊಂದಿಗೆ. ವರದಿಯ ಮೊದಲ ಸಾಲಿನಲ್ಲೇ ಬರೆದೆ: ‘ನನ್ನ ಹಿಂದಿನ ವರದಿ ತಪ್ಪು. ಟೈರುಗಳನ್ನು ಆಗ ನಾನು ಪರೀಕ್ಷಿಸಿರಲಿಲ್ಲ.’ ನನಗೆ ನೋಟಿಸ್ ಬಂತು, ಒಂದು ವಾರ್ಷಿಕ ವೇತನ ಬಡ್ತಿ ನಿಂತಿತು.

ನ್ಯಾಯಾಲಯದಲ್ಲಿ ಸರ್ಕಾರಿ ವಕೀಲರು ಎರಡೂ ವರದಿ ಹಿಡಿದು, “ಎರಡಕ್ಕೂ ನಿಮ್ಮದೇ ಸಹಿ. ಯಾವುದನ್ನು ನಂಬಬೇಕು?” ಎಂದು ಕೇಳಿದರು. ಎರಡನೆಯದನ್ನು ಎಂದೆ. ಮೊದಲನೆಯದನ್ನು ಏಕೆ ಬರೆದಿರಿ ಎಂದರು. ನೋಡದೆ ಬರೆದೆ ಎಂದೆ. ಊರುಗೋಲು ಊರಿ ಕಟಕಟೆಯಲ್ಲಿ ನಿಂತಿದ್ದ ಹಾಲಪ್ಪ ತಲೆ ಎತ್ತಲಿಲ್ಲ. ಕೊಟ್ರಮ್ಮನ ಮಗಳು ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಹಿಂದಿನ ಬೆಂಚಿನಲ್ಲಿ ಕೂತಿದ್ದಳು. ಅಲ್ಲಿಯವರೆಗೆ ಆಕೆ ಹಾಲಪ್ಪನನ್ನು ಶಪಿಸುತ್ತಿದ್ದಳಂತೆ. ಅಂದು ಮಾತ್ರ ಅವಳ ಕಣ್ಣು ನನ್ನ ಮೇಲಿತ್ತು.

ಅಪಘಾತವಾಗಿ ಹದಿನಾಲ್ಕು ತಿಂಗಳಿಗೆ ಹಾಲಪ್ಪ ನಿರ್ದೋಷಿ ಎಂದು ತೀರ್ಪಾಯಿತು. ಅಂಗಡಿಯವನ ಮೇಲಿನ ಮೊಕದ್ದಮೆ ಇನ್ನೂ ನಡೆಯುತ್ತಿದೆ. ಅವನು ಜಾಮೀನಿನ ಮೇಲೆ ಹೊರಗಿದ್ದಾನೆ. ಅದೇ ಜಾಗದಲ್ಲಿ, ಬಾವಮೈದುನನ ಹೆಸರಿನ ಫಲಕದ ಕೆಳಗೆ ಈಗಲೂ ಹಳೆ ಟೈರ್ ಮಾರುತ್ತಾನೆ. ಆ ದಾರಿಯಲ್ಲಿ ಬಸ್ಸು ಹೋದಾಗಲೆಲ್ಲ ನನ್ನ ಹಲ್ಲು ತಾನಾಗಿಯೇ ಕಚ್ಚಿಕೊಳ್ಳುತ್ತದೆ.

ತೀರ್ಪಿನ ದಿನ ನ್ಯಾಯಾಲಯದ ಹೊರಗೆ ಗಂಗಮ್ಮ ಎದುರಾದಳು. ಒಂದು ಒಳ್ಳೆಯ ಮಾತು ಸಿಗುತ್ತದೆಂದು ನಾನು ಕಾದಿದ್ದೆ, ಸುಳ್ಳೇಕೆ ಹೇಳಲಿ.

“ಮೊದಲ್ನೇ ದಿನಾನ ಬಗ್ಗಿ ನೋಡಿದ್ರ ಆಗ್ತಿತ್ತಲ್ರಿ ಸಾಹೇಬ್ರ” ಎಂದಳು, ದನಿ ಏರಿಸದೆ. “ಓಣ್ಯಾಗಿನ ಮಂದಿ ಇವ್ರನ್ನ ಕೊಲಿಗಾರ ಅಂದ್ರು. ಆ ಮಾತು ಯಾವ ಜಡ್ಜು ವಾಪಸ್ ತಗಂತಾರ?”

ಗಂಡನ ತೋಳು ಹಿಡಿದು, ಅವನ ಕುಂಟು ನಡಿಗೆಗೆ ಹೆಜ್ಜೆ ಹೊಂದಿಸಿಕೊಂಡು ಬಸ್ ನಿಲ್ದಾಣದ ಕಡೆ ನಡೆದಳು.

ಆ ಅಂಗಡಿಯವನನ್ನು ನಾನು ಇಂದಿಗೂ ಕ್ಷಮಿಸಿಲ್ಲ. ಆದರೆ ಸಿಟ್ಟನ್ನೆಲ್ಲ ಅವನ ಮೇಲೆಯೇ ಹೊರಿಸಿ ಹಗುರಾಗುವ ಹಕ್ಕು ನನಗಿಲ್ಲವೆಂಬುದನ್ನು ಈ ಪ್ರಕರಣ ಕಲಿಸಿತು. ಅವನು ಲಾಭಕ್ಕಾಗಿ ಸುಳ್ಳು ಹೇಳಿದ. ನಾನು ಲಾಭವಿಲ್ಲದೆ, ಬಿಸಿಲು ಜೋರಾಗಿದೆ ಎಂಬ ಕಾರಣಕ್ಕೆ, ಸರ್ಕಾರದ ಮೊಹರು ಹಾಕಿ ಸುಳ್ಳು ಬರೆದೆ.