ಕ್ಯಾಂಟೀನಿನಲ್ಲಿ ಬರ್ತಾ ಹಾಡಿದ್ದು

ಬರ್ತಾ ನಟಾಲ್‌ಗೆ ಕಿವಿ ಮಂದವಾಗುತ್ತಿದೆ ಎಂಬುದು ಯಾರಿಗೂ ಗೊತ್ತಾಗಿರಲಿಲ್ಲ. ಗೊತ್ತಾಗುವ ಹಾಗೂ ಇರಲಿಲ್ಲ. ಲ್ಯಾಂಕಶೈರಿನ ಬಟ್ಟೆ ಗಿರಣಿಗಳ ಮಗ್ಗದ ಶೆಡ್ಡುಗಳಲ್ಲಿ ಬೆಳೆದ ಹೆಂಗಸರು ತುಟಿ ನೋಡಿಯೇ ಮಾತಾಡುವವರು. ಮಗ್ಗಗಳ ಅಬ್ಬರದ ನಡುವೆ ಸದ್ದೇ ಇಲ್ಲದೆ ಬಾಯಿ ಅಗಲಿಸಿ, ಈ ತುದಿಯವಳ ಗುಟ್ಟನ್ನು ಆ ತುದಿಯವಳಿಗೆ ಮುಟ್ಟಿಸಿಬಿಡುವರು. ಬರ್ತಾ ಹದಿಮೂರನೇ ವಯಸ್ಸಿಗೇ ಆ ವಿದ್ಯೆ ಕಲಿತವಳು. ಯುದ್ಧ ಬಂದು ಗಿರಣಿ ಮುಚ್ಚಿ, ಅದೇ ಶೆಡ್ಡಿನಲ್ಲಿ ವಿಮಾನದ ರೆಕ್ಕೆ ಜೋಡಿಸುವ ಕೆಲಸ ಶುರುವಾದಾಗ ಅವಳ ಕೈಗೆ ಲೋಹದ ಹಾಳೆಗಳನ್ನು ಬೆಸೆಯುವ ರಿವೆಟ್ ಮೊಳೆ ಹೊಡೆಯುವ ಯಂತ್ರ ಬಂತು. ಮಗ್ಗ ಅಷ್ಟಿಷ್ಟು ಕೆಡಿಸಿದ್ದ ಕಿವಿಯನ್ನು ಆ ಯಂತ್ರ ಪೂರ್ತಿ ತಿನ್ನತೊಡಗಿತು.

ಆದರೆ ಅವಳು ಹಾಡುಗಾರ್ತಿ. ಚಾಪೆಲ್ಲಿನಲ್ಲಿ ಪ್ರತಿ ಕ್ರಿಸ್‌ಮಸ್ಸಿಗೂ ಒಂಟಿಯಾಗಿ ನಿಂತು ಹಾಡುವ ಗೌರವ ಅವಳದೇ. ಮದುವೆ, ಮಕ್ಕಳು ಯಾವುದೂ ಆಗಲಿಲ್ಲ. ಇದ್ದದ್ದು ಸಂಧಿವಾತದ ತಾಯಿ ಮತ್ತು ಈ ದನಿ. ಕಾರ್ಖಾನೆಯಲ್ಲಿ ದಿನಕ್ಕೆರಡು ಸಲ ರೇಡಿಯೊ ಸಂಗೀತ ಹಾಕಿದಾಗ ಮೊದಲು ದನಿ ಎತ್ತುತ್ತಿದ್ದವಳು ಅವಳೇ. ಇತ್ತೀಚೆಗೆ ಮಾತ್ರ ಅವಳು ಎದುರಿಗಿರುವ ಮ್ಯಾಗಿ ಹೋಲ್ಡನ್ನಳ ಬಾಯಿ ನೋಡಿ, ಯಾವ ಹಾಡೆಂದು ತಿಳಿದುಕೊಂಡು, ಆಮೇಲೆ ಸೇರಿಕೊಳ್ಳುತ್ತಿದ್ದಳು.

ರೇಡಿಯೊದವರು ಮಧ್ಯಾಹ್ನದ ಊಟದ ಹೊತ್ತಿನ ಕಾರ್ಯಕ್ರಮವನ್ನು ನಮ್ಮ ಕ್ಯಾಂಟೀನಿನಿಂದಲೇ ನೇರ ಪ್ರಸಾರ ಮಾಡುತ್ತಾರಂತೆ, ಕೆಲಸಗಾರರಲ್ಲಿ ಒಬ್ಬರಿಗೆ ಹಾಡುವ ಅವಕಾಶವಂತೆ ಎಂಬ ಸುದ್ದಿ ಬಂದಾಗ ಎಲ್ಲರ ಕೈ ಒಟ್ಟಿಗೆ ಮೇಲೆದ್ದದ್ದು ಬರ್ತಾಳ ಹೆಸರಿಗೆ.

"ಒಲ್ಲೆ ಅಂದ್ರೆ ಕೊಂದ್ಬಿಡ್ತೀನಿ ನೋಡು," ಎಂದಳು ಮ್ಯಾಗಿ. "ಇಡೀ ದೇಶ ಕೇಳತ್ತೆ ಕಣೇ!"

ಒಲ್ಲೆ ಎಂದರೆ ಏಕೆಂದು ಹೇಳಬೇಕು. ಅದೂ ಅಲ್ಲದೆ ಅವಳಿಗೆ ಆಸೆಯೂ ಇತ್ತು. ತಲೆಯೊಳಗೆ ಹಾಡು ಇನ್ನೂ ಸರಿಯಾಗಿಯೇ ಇದೆಯಲ್ಲ, ಗಂಟಲು ದಾರಿ ಮರೆಯುತ್ತದೆಯೇ ಎಂದುಕೊಂಡಳು.

ಪ್ರಸಾರದ ದಿನ ಬೆಳಿಗ್ಗೆ ರೇಡಿಯೊ ತಂಡದ ಪಿಯಾನೊದವನು ತಾಲೀಮಿಗೆ ಕರೆದಾಗ ಗಂಟಲು ನೋವೆಂದು ತಪ್ಪಿಸಿಕೊಂಡಳು. ಮಧ್ಯಾಹ್ನ ಕ್ಯಾಂಟೀನು ತುಂಬಿ ತುಳುಕಿತು. ಆಲೂಗಡ್ಡೆ ಕಡುಬಿನ ತಟ್ಟೆಗಳನ್ನು ತೊಡೆಯ ಮೇಲಿಟ್ಟುಕೊಂಡು ಹೆಂಗಸರು ಮೆಟ್ಟಿಲ ಮೇಲೆಲ್ಲ ಕೂತಿದ್ದರು. ರೇಡಿಯೊ ತಂಡದ ಬೋಳುತಲೆಯ ಹಾಸ್ಯಗಾರ ನಗಿಸಿ ನಗಿಸಿ ಸುಸ್ತು ಮಾಡಿದ ಮೇಲೆ ಬರ್ತಾಳನ್ನು ಕೈಹಿಡಿದು ಮೈಕಿನ ಮುಂದೆ ನಿಲ್ಲಿಸಿದ. ಪಿಯಾನೊ ಅವಳ ಬೆನ್ನ ಹಿಂದಿತ್ತು. ನುಡಿಸುವವನ ಕೈ ಕಾಣುವಂತಿರಲಿಲ್ಲ.

ಹಲಗೆಯ ನೆಲದಲ್ಲಿ ಏನೋ ಮಿಡಿದಂತಾಯಿತು. ಶುರುವಾಗಿದೆ ಎಂದುಕೊಂಡು ದನಿ ಎತ್ತಿದಳು.

ಮೊದಲ ಸಾಲು ಮುಗಿಯುವಷ್ಟರಲ್ಲಿ ಮುಂದೆ ಕೂತವರ ಮುಖಗಳು ಬದಲಾದವು. ಚಮಚಗಳು ನಿಂತವು. ಮ್ಯಾಗಿ ಎದ್ದು ನಿಂತು, ಮಗ್ಗದ ಕಾಲದ ಹಾಗೆ ಸದ್ದಿಲ್ಲದೆ ಬಾಯಿ ಅಗಲಿಸಿ ಹೇಳುತ್ತಿದ್ದಳು: "ಮೇಲೆ, ಬರ್ತಾ, ಶ್ರುತಿ ಇನ್ನೂ ಮೇಲೆ." ಬರ್ತಾ ದನಿ ಏರಿಸಿದಳು. ಮ್ಯಾಗಿ ಕಣ್ಣು ಮುಚ್ಚಿಕೊಂಡಳು. ಹಿಂದಿನ ಮೂಲೆಯಲ್ಲಿ ಯಾರೋ ನಕ್ಕರು. ನಗು ಮೇಜಿನಿಂದ ಮೇಜಿಗೆ ಹರಡುವುದನ್ನು ಬರ್ತಾ ನೋಡಿದಳು, ಕೇಳಲಿಲ್ಲ. ಆದರೂ ಹಾಡಿದಳು. ನಿಲ್ಲಿಸುವುದು ಹೇಗೆಂದು ತಿಳಿಯಲಿಲ್ಲ.

ಹಾಸ್ಯಗಾರ ಚುರುಕಿನವನು. ಜಿಗಿದು ಬಂದು, ಕಿವಿಗೆ ಕೈಯಿಟ್ಟು, ಮುಖ ಹಿಂಡಿ, ಮೈಕಿಗೆ ಹೇಳಿದ: "ಬಾಂಬ್ ದಾಳಿ ಸೈರನ್ ಅಂದ್ಕೊಂಡು ಯಾರೂ ಓಡಬೇಡ್ರಪ್ಪಾ, ಇದು ನಮ್ಮ ಬರ್ತಾ! ಸ್ವಲ್ಪ ಎಣ್ಣೆ ಬಿಡ್ರೋ ಯಾರಾದ್ರೂ!"

ಅವನ ತುಟಿಯಿಂದ ಒಂದೊಂದು ಮಾತನ್ನೂ ಅವಳು ಓದಿದಳು. ಕ್ಯಾಂಟೀನು ಬಿದ್ದು ಬಿದ್ದು ನಕ್ಕಿತು, ಚಪ್ಪಾಳೆ ಹೊಡೆಯಿತು. ಅವಳೂ ನಕ್ಕು, ಲಂಗ ಹಿಡಿದು ಬಾಗಿ ವಂದಿಸಿದಳು.

"ಭೇಷ್! ಹಾಗೆ ಬೇಕಂತ ಅಪಸ್ವರ ಹಾಡೋದು ಎಲ್ರಿಗೂ ಬರಲ್ಲ," ಎಂದು ರೇಡಿಯೊದವನು ಬೆನ್ನು ತಟ್ಟಿದ.

ಕೈ ತೊಳೆಯುವ ಕೋಣೆಯಲ್ಲಿ ಮ್ಯಾಗಿ ಅವಳ ಗಲ್ಲ ಹಿಡಿದು ತನ್ನ ಕಡೆಗೆ ತಿರುಗಿಸಿಕೊಂಡಳು. "ಯಾವಾಗ್ಲಿಂದನೇ?"

"ಹೋದ ಚಳಿಗಾಲದಿಂದ."

"ನಂಗೂ ಹೇಳ್ಲಿಲ್ವಲ್ಲೇ, ಪಾಪಿ."

"ಹೇಳಿದ್ರೆ ನಿಜ ಆಗ್ಬಿಡ್ತಿತ್ತು," ಎಂದಳು ಬರ್ತಾ. ಮ್ಯಾಗಿ ಅತ್ತಳು. ಬರ್ತಾಳಿಗೆ ಅಳು ಬರಲಿಲ್ಲ. ಇಬ್ಬರೂ ರೆಕ್ಕೆಯ ಬಳಿಗೆ ಹೋಗಿ ಸಂಜೆಯವರೆಗೆ ರಿವೆಟ್ ಹೊಡೆದರು.

ಮನೆಯಲ್ಲಿ ಒಲೆಯ ಪಕ್ಕ ತಾಯಿ ಕಾಯುತ್ತಿದ್ದಳು. ಮಗಳಿಗೆ ಸ್ವರ ಕಲಿಸಿದವಳೇ ಅವಳು. ಮುದುಕಿಯ ಕಣ್ಣಲ್ಲಿ ನಕ್ಕು ನಕ್ಕು ಬಂದ ನೀರು ಇನ್ನೂ ಆರಿರಲಿಲ್ಲ.

"ಎಷ್ಟು ಚೆನ್ನಾಗಿ ತಮಾಷೆ ಮಾಡ್ದೆಯೇ! ಪಕ್ಕದ ಮನೆಯವರೆಲ್ಲ ಬಂದು ಕೂತಿದ್ರು. ಬಾ, ಈಗ ಸರಿಯಾಗಿ ಹಾಡು, ನನಗೋಸ್ಕರ."

"ಗಂಟಲು ನೋವು ಕಣಮ್ಮ."

ತಾಯಿ ರೇಡಿಯೊ ಹಾಕಿದಳು. ಮನುಷ್ಯರ ಮಾತನ್ನು ತುಟಿಯಿಂದಾದರೂ ಹಿಡಿಯಬಹುದಿತ್ತು. ಆ ಮರದ ಪೆಟ್ಟಿಗೆಗೆ ತುಟಿಯಿರಲಿಲ್ಲ. ಬರ್ತಾ ತಾಯಿಯ ಮುಖವನ್ನೇ ನೋಡುತ್ತ, ಅವಳು ನಕ್ಕಾಗ ನಕ್ಕಳು. ಒಮ್ಮೆ ರೇಡಿಯೊದಲ್ಲಿ ನಗುವಂಥದ್ದೇನೂ ಇಲ್ಲದಾಗ ತಾಯಿ ಬೇರೇನನ್ನೋ ನೆನೆದು ನಕ್ಕಿರಬೇಕು. ಬರ್ತಾ ನಕ್ಕದ್ದು ಕಂಡು ಮುದುಕಿ ಗಕ್ಕನೆ ನಗು ನಿಲ್ಲಿಸಿದಳು. ಮಗಳನ್ನು ಬಹಳ ಹೊತ್ತು ದಿಟ್ಟಿಸಿದಳು. ಆಮೇಲೆ ಕೋಲೂರಿಕೊಂಡು ಎದ್ದು ರೇಡಿಯೊ ಆರಿಸಿದಳು. 

ಕಾರ್ಖಾನೆಯ ವೈದ್ಯ ಹೋದದ್ದು ಬರುವುದಿಲ್ಲವೆಂದ. ರಿವೆಟ್ಟಿನ ಕೆಲಸ ಬಿಟ್ಟರೆ ಉಳಿದಿರುವುದು ಉಳಿದೀತು ಎಂದೂ ಹೇಳಿದ. ಆದರೆ ಯುದ್ಧದ ಕೆಲಸ ಬೇಡವೆಂದು ಬಿಟ್ಟು ಹೋಗುವಂತಿರಲಿಲ್ಲ. ಬೇರೆ ಕಡೆ ಹಾಕಿ ಎಂದು ಕೇಳಿದ್ದಕ್ಕೆ, ಇಷ್ಟು ಕೈ ನುರಿತವಳನ್ನು ಬಿಡಲಾಗದು ಎಂದರು ಕಾರ್ಖಾನೆಯ ಮೇಲಿನವರು. ವಸಂತ ಬರುವಷ್ಟರಲ್ಲಿ ಅವಳು ಚಾಪೆಲ್ಲಿಗೆ ಹೋಗುವುದನ್ನು ನಿಲ್ಲಿಸಿದ್ದಳು. ಮುಂದಿನ ಕ್ರಿಸ್‌ಮಸ್ಸಿಗೆ ಅವಳ ಜಾಗದಲ್ಲಿ ಅಂಚೆಯವನ ಮಗಳು ನಿಂತು ಹಾಡಿದಳು. ಶೆಡ್ಡಿನಲ್ಲಿ ಸಂಗೀತದ ಹೊತ್ತಿಗೆ ಎಲ್ಲರ ಬಾಯಿ ತೆರೆಯುವುದು ಕಂಡರೆ ಬರ್ತಾ ತಲೆ ತಗ್ಗಿಸಿ, ಯಂತ್ರವನ್ನು ಲೋಹಕ್ಕೆ ಒತ್ತಿ ಹಿಡಿಯುತ್ತಿದ್ದಳು. ಮ್ಯಾಗಿ ಮಾತ್ರ ಅವಳೆದುರು ಹಾಡುವುದನ್ನು ಬಿಟ್ಟಳು.