ಮೂರು ಹಿಡಿ ಮಣ್ಣು

ಗುಂಡ್ಲುಪೇಟೆಯ ಈರುಳ್ಳಿ ಮಂಡಿಯಲ್ಲಿ ಕೊಳೆತದ್ದನ್ನು ಆರಿಸಿ ಹಾಕುವ ಹೆಂಗಸರಲ್ಲಿ ಈರಮ್ಮನ ಪಕ್ಕದ ಜಾಗ ನನ್ನದು. ಇವಳಷ್ಟು ಸಿಟ್ಟು ಬರಿಸುವ ಹೆಂಗಸನ್ನು ನಾನು ಕಂಡಿಲ್ಲ. ಯಾರು ಬೈದರೂ, ಅವಳು ಹಾಸಿಕೊಂಡ ಗೋಣಿಯನ್ನೇ ಎಳೆದುಕೊಂಡು ಹೋದರೂ ‘ಓಗ್ಲಿ ಬುಡು’ ಅನ್ನುತ್ತಾಳೆ. ಯೇಸಪ್ಪ ಹಾಗೆ ಮಾಡು ಅಂದಿದ್ದಾನಂತೆ. ಅಂದಿರಬಹುದು, ಆದರೆ ಅವನು ನಮ್ಮ ಕೇರಿಯಲ್ಲಿ ಬಾಳ್ವೆ ಮಾಡಿದವನಲ್ಲ.

ನಮ್ಮಿಬ್ಬರದೂ ಚಂದಕವಾಡಿ ಕಡೆಯ ಒಂದೇ ಕೇರಿ, ಒಂದೇ ಕುಲ. ಅವಳ ಅಣ್ಣ ಪುಟ್ಟಮಾದು ಕುಲಕ್ಕೆ ಯಜಮಾನ. ಈರಮ್ಮ, ಅವಳ ಗಂಡ ಚರ್ಚಿಗೆ ಹೋಗಲು ಶುರುಮಾಡಿದಾಗ ಅವನೇ ಪಂಚಾಯ್ತಿ ಕೂರಿಸಿ ಇಬ್ಬರನ್ನೂ ಹೊರಗಿಟ್ಟ. ಅವರ ಕೈಯಿಂದ ಯಾರೂ ನೀರು ಕುಡಿಯಬಾರದು, ಸತ್ತರೆ ಮಣ್ಣು ಹಾಕಬಾರದು. ನಮ್ಮಲ್ಲಿ ಗುಂಡಿಗೆ ಮೂರು ಹಿಡಿ ಮಣ್ಣು ಹಾಕಿದವರೇ ನಂಟರು. ಎರಡು ವರ್ಷಕ್ಕೆ ಅವಳ ಗಂಡ ತೀರಿಕೊಂಡ. ಪಾಸ್ಟರೂ ಬೇರೆ ಊರಿನ ಮೂವರೂ ಹೆಣ ಹೊತ್ತರು. ನಮ್ಮ ಮನೆಯಲ್ಲಿ ಅತ್ತೆ ಮಾವ ಇದ್ದರು, ನಾನೂ ಬಾಗಿಲ ಸಂದಿಯಿಂದ ನೋಡಿದೆ, ಅಷ್ಟೇ. ಅದಾದ ಮೇಲೆ ಅವಳು ಗುಂಡ್ಲುಪೇಟೆ ಸೇರಿದಳು. ಕೂಲಿ ಹುಡುಕಿಕೊಂಡು ನಾವೂ ಆಮೇಲೆ ಅಲ್ಲಿಗೇ ಬಂದೆವು.

ಹೋದ ವರ್ಷ ಪುಟ್ಟಮಾದು ಹಾಸಿಗೆ ಹಿಡಿದ. ಸುದ್ದಿ ಕೇಳಿ ನಾನು ಒಳಗೊಳಗೇ ಖುಷಿಪಟ್ಟೆ, ಸುಳ್ಳು ಯಾಕೆ ಹೇಳಲಿ? ಈರಮ್ಮ ಮಾತ್ರ ಭಾನುವಾರ ಪ್ರಾರ್ಥನೆ ಮುಗಿಸಿ, ರಾಗಿಗಂಜಿ ಕಾಯಿಸಿ, ಎರಡು ಬಸ್ಸು ಹತ್ತಿ ಹೊರಟಳು. ನಾಲ್ಕು ವಾರ ಅವನು ಗೋಡೆಯ ಕಡೆ ಮುಖ ತಿರುಗಿಸಿದ. ಐದನೇ ವಾರ ಬಾಯಿ ತೆರೆದ.

“ಉಂಡ ಕಣಮ್ಮಿ,” ಅಂತ ಮರುದಿನ ಮಂಡಿಯಲ್ಲಿ ಅತ್ತಳು. ಹೊರಗಿಟ್ಟವರ ಕೈಯಿಂದ ಯಜಮಾನನೇ ಉಂಡರೆ ಆ ಕಟ್ಟು ಮುರಿದ ಹಾಗೆ, ಮತ್ತೆ ಪಂಚಾಯ್ತಿ ಸೇರಬೇಕಿಲ್ಲ. ಇನ್ನು ತಾನು ಅವನ ತಂಗಿ, ಅವನಿಗೆ ಮಣ್ಣು ಹಾಕುವವಳು ಅಂದುಕೊಂಡಳು. ಅವಳಿಗೆ ಬೇಕಾಗಿದ್ದದ್ದು ಅಷ್ಟೇ.

ಒಂದು ವಾರ ನಾನೂ ಜೊತೆಗೆ ಹೋಗಿದ್ದೆ. ಗಂಜಿಯ ತೂಕುಪಾತ್ರೆಯ ಮುಚ್ಚಳ ಮರೆತು ಬಂದಿದ್ದೆವು, ತರಲು ವಾಪಸು ಹೋದೆ. ಸೊಸೆ ಶಿವರಂಜಿನಿ ಬೋಗುಣಿ ಹಿಡಿದು ನಿಂತಿದ್ದಳು. ಮುದುಕ ಮಾದಪ್ಪನ ತೀರ್ಥದಲ್ಲಿ ಬಾಯಿ ಮುಕ್ಕಳಿಸಿ ಉಗಿಯುತ್ತಿದ್ದ. ಪ್ರತಿ ವಾರವೂ ಹೀಗೆಯೇ ಅಂತ ಅವಳು ಪಿಸುಗುಟ್ಟಿದಳು. ಗಂಜಿಗೆ ಅವನ ಅವ್ವ ಕಾಯಿಸುತ್ತಿದ್ದ ರುಚಿ ಇದೆಯಂತೆ, ಅದಕ್ಕೇ ಉಣ್ಣುತ್ತಾನೆ, ಆಮೇಲೆ ತೊಳೆದುಕೊಳ್ಳುತ್ತಾನೆ. ಥೂ, ಎಂಥ ಮನುಷ್ಯ. ಈರಮ್ಮನಿಗೆ ನಾನು ಏನೂ ಹೇಳಲಿಲ್ಲ.

ಆಷಾಢದಲ್ಲಿ ಅವನು ಸತ್ತ. ಗುಂಡಿಯ ಹತ್ತಿರ ಈರಮ್ಮ ಸೆರಗು ಸಿಕ್ಕಿಸಿಕೊಂಡು ಮಣ್ಣಿಗೆ ಬಗ್ಗಿದಳು. ಪುಟ್ಟಮಾದುವಿನ ಮಗ ಶಂಕರ್ ಅಡ್ಡ ಬಂದ.

“ಅಪ್ಪ ಏಳೋಗವ್ರೆ ಅತ್ತೆ. ನೀನು ಮಣ್ಣಾಕಂಗಿಲ್ಲ.”

ಅವಳು ಹಿಂದೆ ಸರಿದಳು. ಉಳಿದ ನಾವೆಲ್ಲ ಸಾಲಾಗಿ ಹೋಗಿ ಹಾಕಿದೆವು. ನಾನೂ ಹಾಕಿದೆ.

ಚಾಮರಾಜನಗರದ ಬಸ್‌ಸ್ಟ್ಯಾಂಡಿನಲ್ಲಿ ಕೂತಾಗ ನನಗೆ ತಡೆಯಲಾಗಲಿಲ್ಲ. ತೀರ್ಥದ ವಿಷಯವನ್ನೆಲ್ಲ ಹೇಳಿಬಿಟ್ಟೆ, ಇನ್ನಾದರೂ ಅವನಿಗೆ ಶಾಪ ಹಾಕು ಅಂದೆ.

“ನಂಗೊತ್ತಿತ್ತು ಕಣಮ್ಮಿ,” ಅಂದಳು. “ಒಂದ್ಸಲ ನಾನೂ ತಿರುಗಿ ಓಗಿದ್ದೆ, ಅವನ ಬಾಯಲ್ಲಿ ತೀರ್ಥದ ವಾಸ್ನೆ ಬತ್ತಿತ್ತು. ಉಣ್ತಾ ಉಣ್ತಾ ಮನಸು ತಿರುಗ್ತದೆ ಅನ್ಕಂಡೆ.” ಬಸ್ಸು ಬರುವ ದಾರಿ ನೋಡುತ್ತಾ ಮತ್ತೆ ಹೇಳಿದಳು: “ಕ್ಷಮಿಸಿದ್ರೆ ಎದೆ ಅಗುರಾಯ್ತದೆ ಅಂತಾರೆ ಪಾಸ್ಟ್ರು. ನಾನು ಕ್ಷಮಿಸಿದೀನಿ. ಅಗುರಾಗ್ನಿಲ್ಲ.”

ನನಗೆ ಅಳು ಬಂತು. ಅವಳು ನನ್ನ ಮುಖ ನೋಡಿದಳು.

“ನಾ ಸತ್ರೆ ನೀ ಬಂದು ಮಣ್ಣಾಕ್ತೀಯಾ, ಕುಮಾರಿ?”

ಯಜಮಾನಿಕೆ ಈಗ ಶಂಕರನದು. ನನ್ನ ಮಗಳಿಗೆ ನಮ್ಮ ಕುಲದಲ್ಲೇ ಗಂಡು ನೋಡಿದ್ದೇವೆ. ಹ್ಞೂಂ ಅನ್ನಬೇಕು ಅಂದುಕೊಂಡೆ. ಗುಂಡ್ಲುಪೇಟೆ ಬಸ್ಸು ಬಂತು, ಹತ್ತಿದೆವು, ತೆರಕಣಾಂಬಿ ದಾಟಿತು. ಅಲ್ಲಿಯವರೆಗೂ ನನ್ನ ಬಾಯಿಂದ ಮಾತು ಹೊರಡಲಿಲ್ಲ.

ಅವಳು ನನ್ನ ಕೈ ಮೇಲೆ ಕೈ ಇಟ್ಟಳು.

“ಓಗ್ಲಿ ಬುಡು,” ಅಂದಳು.